ಒಂಬತ್ತು ಪಾದದ ಅಳತೆ

ಮಕ್ಕಳಾ, ಇದು ಕಟ್ಟುಕಥೆಯಲ್ಲ. ನೀವು ಹೊದಿಕೆಯೊಳಗೆ ಫೋನ್ ಇಟ್ಟುಕೊಂಡು ಕೇಳುವ ದೆವ್ವದ ಕಥೆಗಳಲ್ಲಿ ಮೊದಲು ಒಂದು ಬಾಗಿಲು ಕಿರ್ರ್ ಅನ್ನುತ್ತದೆ, ಆಮೇಲೆ ಯಾರೋ ಒಬ್ಬಳು ನಗುತ್ತಾಳೆ. ಇದರಲ್ಲಿ ಅದೇನೂ ಇಲ್ಲ. ಇದರಲ್ಲಿ ಇರುವುದು ನಾನು, ನಿಮ್ಮ ಚಿಕ್ಕ ತಾತ, ಮತ್ತೆ ಒಂದು ಜೊತೆ ಹಳೆ ಚಪ್ಪಲಿ. ಮೂರೂ ಈ ಮನೆಯಲ್ಲೇ ಇವೆ. ಬೇಕಾದರೆ ಎದ್ದು ಹೋಗಿ ನೋಡಿ.

ಹೋದ ಬೇಸಿಗೆಯಲ್ಲಿ ನೀವು ಬೀದಿಯಲ್ಲಿ ಕ್ರಿಕೆಟ್ಟಿಗೆ ಪಿಚ್ ಅಳೆಯುತ್ತಿದ್ದಿರಿ. ಚಂದು, ನೀನು ಹಿಮ್ಮಡಿಗೆ ಬೆರಳು ತಾಗಿಸಿ, ಒಂದು, ಎರಡು, ಮೂರು ಅಂತ ಪಾದ ಇಡುತ್ತಿದ್ದೆ. ನಾನು ಒಳಗಿನಿಂದ ಓಡಿ ಬಂದು, ಅಷ್ಟು ಹುಡುಗರ ಮುಂದೆ ನಿನ್ನ ರಟ್ಟೆ ಹಿಡಿದು ಎಳೆದೆ. ನೀನು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಗೌರಿ ಮಾತ್ರ ರಾತ್ರಿ ಪಕ್ಕದಲ್ಲಿ ಮಲಗಿ, "ಯಾಕಜ್ಜಿ?" ಅಂತ ಕಿವಿಯಲ್ಲಿ ಕೇಳಿದಳು.

ಬಾಯಿಂದ ಹೇಳಲು ನನಗೆ ಆಗುವುದಿಲ್ಲ. ನಾನು ಯಾವತ್ತೂ ಮಾತಿನವಳಲ್ಲ. ಸೆಟ್ಟೂರು ಕಡೆಯ ಹಳ್ಳಿ ಶಾಲೆಯಲ್ಲಿ ಕನ್ನಡ ಮೇಷ್ಟ್ರು ಕಲಿಸಿದ ಅಕ್ಷರ ಇದೆ. ಅದರಲ್ಲಿ ಬರೆದಿಡುತ್ತೇನೆ.

ಮೊದಲು ನಮ್ಮ ಮನೆತನದ ಒಂದು ಪದ್ಧತಿ ತಿಳಿದುಕೊಳ್ಳಿ. ನಾವು ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಕಾಲು ಮಡಚಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು, ಸುತ್ತ ವಿಭೂತಿ ಗಟ್ಟಿಗಳನ್ನು ಜೋಡಿಸಿ ಮಣ್ಣು ಮಾಡುತ್ತೇವೆ. ಹಾಗೆ ಕೂರಿಸುವ ಗುಣಿಗೆ ಟೇಪಿನ ಅಳತೆ ಇಲ್ಲ. ಸತ್ತವರ ಪಾದವೇ ಅಳತೆ. ನಾಲ್ಕು ಕಡೆಯೂ ಒಂಬತ್ತೊಂಬತ್ತು ಪಾದ. ಅವರವರ ಮನೆ ಅವರವರ ಕಾಲಿನಷ್ಟು ಅನ್ನುತ್ತಿದ್ದರು ಹಿರಿಯರು.

ಅದಕ್ಕೇ ನಮ್ಮತ್ತೆ ಮಕ್ಕಳು ಹಿಮ್ಮಡಿಗೆ ಬೆರಳು ತಾಗಿಸಿ ನಡೆದರೆ ಬೆತ್ತ ತೆಗೆದುಕೊಳ್ಳುತ್ತಿದ್ದರು. "ಬದುಕಿರೋರು ಮಣ್ಣಿಗೆ ಅಳತೆ ಕೊಡಬಾರದು ಕಣಮ್ಮ. ಮನುಷ್ಯ ಮರೀತಾನೆ, ಮಣ್ಣು ಮರೆಯಾಕಿಲ್ಲ."

ನಿಮ್ಮ ತಾತ ಹಿಂದೂಪುರದ ಮಾರ್ಕೆಟ್ಟಿನಲ್ಲಿ ಹುಣಸೆಹಣ್ಣಿನ ವ್ಯಾಪಾರ ಮಾಡುತ್ತಿದ್ದರು. ಅವರ ಅಂಗಿ, ಬೆರಳು, ತಲೆದಿಂಬು, ಎಲ್ಲದರಲ್ಲೂ ಹಳೆ ಹುಣಸೆಹಣ್ಣಿನ ಹುಳಿವಾಸನೆ. ಇನ್ನೊಂದು ಅಭ್ಯಾಸ ಅವರಿಗಿತ್ತು. ಚಪ್ಪಲಿ ಮೆಟ್ಟುವ ಮೊದಲು ಕೈಯಲ್ಲಿ ಹಿಡಿದು ನೆಲಕ್ಕೆ ಎರಡು ಸಲ ಕುಟ್ಟುತ್ತಿದ್ದರು. ಚಿಕ್ಕಂದಿನಲ್ಲಿ ಒಮ್ಮೆ ಚೇಳು ಕಡಿದಿತ್ತಂತೆ. ಟಪ್, ಟಪ್. ಆ ಸದ್ದು ಕೇಳಿದರೆ ಅಂಗಡಿಗೆ ಹೊರಟರು ಅಂತ ನಾನು ಒಲೆಯ ಮುಂದಿನಿಂದ ಏಳುತ್ತಿದ್ದೆ.

ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಗೋಡೆಗೆ ಒರಗಿ ಕೂತವರು ಏಳಲಿಲ್ಲ. ನನಗೆ ಇಪ್ಪತ್ತೇಳು. ನಿಮ್ಮ ಅಪ್ಪನಿಗೆ ಆರು ತುಂಬಿರಲಿಲ್ಲ. ನಿಮ್ಮ ಚಿಕ್ಕ ತಾತ, ಅಂದರೆ ನನ್ನ ಮೈದುನ ಸಿದ್ದಲಿಂಗಪ್ಪ, ಆಗ ಇನ್ನೂ ಮದುವೆಯಾಗದ ಹುಡುಗ. ವ್ಯಾಪಾರ ಕಲಿಯಲು ಕಲ್ಯಾಣದುರ್ಗದಿಂದ ಬಂದು ನಮ್ಮ ಜೊತೆಗೇ ಇದ್ದರು.

ತಾತನನ್ನು ಕೂರಿಸಿ, ಗೋಡೆಯ ಗೂಟಕ್ಕೆ ಪಂಚೆ ಕಟ್ಟಿ ನಿಲ್ಲಿಸಿ, ಹೂವು ಹಾಕಿ ಆಗಿತ್ತು. ಆಗ ಗುಣಿ ತೋಡುವವನು ಬಾಗಿಲಿಗೆ ಬಂದ.

"ಕಾಲಿನಳತೆ ಕೊಡ್ರಪ್ಪ."

"ಇಷ್ಟೊತ್ತಿಗಾ ಬರೋದು? ಕೂರ್ಸಿ ಕಟ್ಟಿ ಆಗೈತೆ. ಈಗ ಕಾಲು ಬಿಚ್ಚಕ್ಕಾಗಾಕಿಲ್ಲ," ಅಂದರು ಹಿರಿಯರು.

"ಹಂಗಾದ್ರೆ ಆವಯ್ಯನ ಮೆಟ್ಟಾದ್ರೂ ತೋರ್ಸಿ. ಅದ್ರಾಗೇ ಕಡ್ಡಿ ಮುರ್ಕಂತೀನಿ."

ಬಾಗಿಲ ಹತ್ತಿರ ಎರಡು ಜೊತೆ ಇದ್ದವು. ಟೈರಿನ ಅಟ್ಟೆಯ ಚಪ್ಪಲಿ, ಎರಡನ್ನೂ ಅಣ್ಣ ತಮ್ಮ ಒಂದೇ ದಿನ ಒಬ್ಬನ ಹತ್ತಿರವೇ ಮಾಡಿಸಿದ್ದು. ಯಾರೋ ನನ್ನನ್ನು ಕೇಳಿದರು, "ಯಾವ್ದಮ್ಮ ನಿನ್ನ ಗಂಡಂದು?"

ಅಷ್ಟು ಗಂಡಸರ ಎದುರು ನಾನು ಯಾವತ್ತೂ ತಲೆಯೆತ್ತಿದವಳಲ್ಲ. ಸೆರಗು ಮೂಗಿನವರೆಗೆ ಇತ್ತು. ಕಣ್ಣು ತುಂಬ ನೀರು. ಬೆರಳು ತೋರಿಸಿದೆ. ಅವನು ಒಂದನ್ನು ಎತ್ತಿಕೊಂಡು ಹೋದ.

ಸಂಜೆ ಎಲ್ಲ ಮುಗಿಸಿ ಬಂದ ಮೇಲೆ ಚಿಕ್ಕ ತಾತ ಬಾಗಿಲಲ್ಲಿ ಹುಡುಕುತ್ತಿದ್ದರು. "ನಂದು ಒಂದು ಮೆಟ್ಟು ಕಾಣ್ತಿಲ್ವಲ್ಲ. ನಾಯಿ ಎಳ್ಕಂಡು ಹೋಗಿರ್ಬೇಕು."

ನಾನು ಸೆರಗು ಸರಿಸಿ ನೋಡಿದೆ. ನಿಮ್ಮ ತಾತನ ಜೊತೆ, ಎರಡೂ, ಇಟ್ಟಲ್ಲೇ ಇದ್ದವು.

ಚಿಕ್ಕ ತಾತನ ಪಾದ ಅಣ್ಣನ ಪಾದಕ್ಕಿಂತ ಎರಡು ಬೆರಳು ಉದ್ದ. ಬಟ್ಟೆ ಒಗೆಯುವವಳಿಗೆ, ನೆಲ ಒರೆಸುವವಳಿಗೆ ಇಂಥದ್ದೆಲ್ಲ ಗೊತ್ತಿರುತ್ತದೆ. ನಿಮ್ಮ ತಾತನನ್ನು ಕೂರಿಸಿದ್ದು ಬದುಕಿರುವ ತಮ್ಮನ ಪಾದದಲ್ಲಿ ಅಳೆದ ಗುಣಿಯಲ್ಲಿ.

ಆವತ್ತೇ ಹೇಳಬೇಕಿತ್ತು. ಅತ್ತೆ ಎದೆ ಬಡಿದುಕೊಂಡು ಅಳುತ್ತಿದ್ದರು. ಉಳಿದಿರುವ ಒಬ್ಬ ಮಗನ ಅಳತೆಯನ್ನೂ ನಾನು ಮಣ್ಣಿಗೆ ಕೊಟ್ಟೆ ಅಂತ ಹೇಗೆ ಹೇಳಲಿ? ನಾಳೆ ಹೇಳೋಣ ಅಂದುಕೊಂಡೆ. ಹನ್ನೊಂದನೇ ದಿನ ಕಳೆಯಲಿ ಅಂದುಕೊಂಡೆ. ಅತ್ತೆ ತೀರಿಕೊಂಡರು. ಚಿಕ್ಕ ತಾತನಿಗೆ ಮದುವೆಯಾಯಿತು. ನಮ್ಮನ್ನು ಕಲ್ಯಾಣದುರ್ಗಕ್ಕೆ ಕರೆತಂದು, ನಿಮ್ಮ ಅಪ್ಪನನ್ನು ತಮ್ಮ ಮಗನಂತೆ ಓದಿಸಿದರು. ನಾನು ತಾತನ ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟೆ. ಮೂವತ್ತು ವರ್ಷ... ಹೇಳಲಿಲ್ಲ.

ಈಗ ಆ ರಾತ್ರಿಯ ವಿಷಯ.

ನಾನು ನಿನ್ನ ರಟ್ಟೆ ಎಳೆದ ಆ ಬೇಸಿಗೆಗೆ ಮೊದಲಿನ ಚಳಿಗಾಲ. ಹಿಂದೂಪುರದಿಂದ ತಾತನ ಅಂಗಡಿ ಪಕ್ಕದ ಹಳೆ ಪರಿಚಯದವರು ಫೋನ್ ಮಾಡಿದರು. ಅಲ್ಲಿಯ ಹಳೆ ಸ್ಮಶಾನದಲ್ಲಿ ಜಾಲಿ ಕೀಳಿಸಿ ದಾರಿ ಮಾಡುತ್ತಿದ್ದಾರೆ. ಮನೆಯವರು ಬಂದು ಗುರುತು ತೋರಿಸಿದ ಸಮಾಧಿಗೆ ಸುಣ್ಣ ಹಚ್ಚಿ ಬಿಟ್ಟುಬಿಡುತ್ತಾರೆ. ಉಳಿದ ಗುರುತಿಲ್ಲದ ಕಲ್ಲುಗಳನ್ನು ನಾಳೆ ಬೆಳಿಗ್ಗೆ ಜೆಸಿಬಿ ತೆಗೆಯುತ್ತದೆ. ಗೇಟಿಗೆ ತಿಂಗಳಿಂದ ನೋಟಿಸು ಅಂಟಿಸಿದ್ದಾರಂತೆ. ಕಲ್ಯಾಣದುರ್ಗದಲ್ಲಿರುವ ನಮಗೆ ಯಾರು ಓದಿ ಹೇಳಬೇಕು?

ನಿಮ್ಮ ಅಪ್ಪ ಆವಾಗ ಟೈಫಾಯಿಡ್ ಜ್ವರದಲ್ಲಿ ಮಲಗಿದ್ದ. ಚಿಕ್ಕ ತಾತ ಅಂಗಡಿ ಬಾಗಿಲು ಹಾಕಿ ಹೊರಟರು. ನಾನು ಬಾಗಿಲಲ್ಲಿ ಅಡ್ಡ ನಿಂತೆ.

"ನಾನೂ ಬತ್ತೀನಿ ಕಣಪ್ಪ."

"ಅತ್ತಿಗಮ್ಮ, ನಮ್ಮ ಹೆಂಗಸರು ಅಲ್ಲಿಗೆ ಹೋಗೋ ಪದ್ಧತಿ ಇಲ್ಲ."

"ಮೂವತ್ತು ವರ್ಷ ಆ ಪದ್ಧತಿ ಮಡಗಿದ್ದೀನಿ. ನಾಳೆ ಹೊತ್ತಿಗೆ ನೋಡಾಕೆ ಏನೂ ಇರಾಕಿಲ್ಲ."

ಅಷ್ಟು ಮಾತು ನಾನು ಆಡಿದ್ದು ಅವರು ಕೇಳಿರಲಿಲ್ಲ. ನನ್ನ ಚೀಲ ಎತ್ತಿಕೊಂಡರು.

ಮಧ್ಯಾಹ್ನದ ಬಸ್ಸು. ಪೆನುಕೊಂಡ ದಾಟುವ ಮೊದಲೇ ಟೈರು ಒಡೆದು, ಎರಡು ಗಂಟೆ ರಸ್ತೆ ಪಕ್ಕ ಕೂತೆವು. ಹಿಂದೂಪುರದಲ್ಲಿ ಇಳಿದಾಗ ಅಂಗಡಿಗಳಲ್ಲಿ ದೀಪ ಹತ್ತಿತ್ತು. ಗಾಳಿಯಲ್ಲಿ ಬೆಲ್ಲದ ವಾಸನೆ. ಆಟೋದವನು ಸ್ಮಶಾನ ಅಂದ ತಕ್ಷಣ ತಿರುಗಿ ನೋಡಿ, ಗಾಡಿ ಹೊರಡಿಸಿದ.

ಗೇಟು ನೋಡಿ ನನಗೆ ಆಶ್ಚರ್ಯವಾಯಿತು. ಕಲ್ಲಿನ ಕಮಾನು, ಒಂದು ಕಡೆ ಸವೆದ ಇಂಗ್ಲಿಷ್ ಅಕ್ಷರ, ಒಂದು ಕಡೆ ತೆಲುಗು. ದೊರೆಗಳ ಕಾಲದಲ್ಲಿ ಊರಾಚೆ ಇದ್ದ ಜಾಗವಂತೆ. ಈಗ ಸುತ್ತಲೂ ಊರೇ ಬೆಳೆದು, ಕಾಂಪೌಂಡಿನಾಚೆ ಒಂದು ಮನೆಯ ಟಿವಿ ಕೇಳಿಸುತ್ತಿತ್ತು.

ಕಾವಲಿನವನ ಹೆಸರು ಓಬಳೇಶು. ಸೈಕಲ್ಲಿಗೆ ಬೀಗ ಹಾಕುತ್ತಿದ್ದ.

"ಏಮಣ್ಣಾ, ಇಪ್ಪುಡಾ ಒಚ್ಚೇದಿ?" ಈಗ ಬರೋದಾ ಅಂತ ಬೈದ. ಬಸ್ಸಿನ ಕಥೆ ಹೇಳಿದ ಮೇಲೆ ಕನ್ನಡಕ್ಕೆ ತಿರುಗಿದ. "ಸರಿ ಬನ್ನಿ. ಇಲ್ಲಿರೋರಿಗೆ ಹೊತ್ತು ಗೊತ್ತು ಇಲ್ಲ. ನಂಗೆ ಮಾತ್ರ ಮನೇಲಿ ಅನ್ನ ಆರ್ತದೆ."

"ರಿಜಿಸ್ಟರಿನಾಗೆ ನೋಡಿದ್ರೆ ಸಿಕ್ಕಾಕಿಲ್ವೇನಪ್ಪ?" ಅಂದರು ಚಿಕ್ಕ ತಾತ.

"ಮೂವತ್ತು ವರ್ಷದ್ದಾ? ಅದನ್ನ ಗೆದ್ದಲು ಓದ್ಬುಟ್ಟಾವೆ ಅಣ್ಣ."

ಟಾರ್ಚು ಹಿಡಿದು ಮುಂದೆ ನಡೆದ. ಅವನಿಗೆ ಆ ಜಾಗದ ಮೇಲೆ ಒಂಥರಾ ಅಭಿಮಾನ. ಮನೆ ತೋರಿಸಿದಂತೆ ತೋರಿಸುತ್ತಾ ಹೋದ. ಗೇಟಿನ ಒಳಗೇ ಹೆಣ ಇಳಿಸುವ ಕಲ್ಲುಕಟ್ಟೆ, ಅದರ ನಡುಭಾಗ ಎಷ್ಟು ಜನರನ್ನು ಹೊತ್ತಿತ್ತೋ, ಒರಳಿನಂತೆ ತಗ್ಗಾಗಿತ್ತು. ಅದರಾಚೆ ನೀರಿಲ್ಲದ ಬಾವಿ, ರಾಟೆ ಇನ್ನೂ ಇದೆ. ಎಡಗಡೆ ದೊರೆಗಳ ಸಾಲು. ಅದರಲ್ಲಿ ಯಾರೋ ರೈಲ್ವೆಯವರ ಮಗುವಿನ ಗೋರಿ, ಮೇಲೆ ಬಿಳಿ ಕಲ್ಲಿನ ಕುರಿಮರಿ, ಅದಕ್ಕೆ ಒಂದು ಕಿವಿ ಇಲ್ಲ. ಯಾರು ಇಟ್ಟರೋ, ಅದರ ಮುಂದೆ ಒಂದು ಬಿಸ್ಕೆಟ್ಟಿನ ಪೊಟ್ಟಣ.

"ಯಾರಾದ್ರೂ ಮಕ್ಕಳಿಲ್ಲದ ಹೆಂಗಸರು ಇಟ್ಟೋಯ್ತಾರೆ," ಅಂದ. "ಇದು ಪ್ಲೇಗಿನ ಸಾಲು. ಹೆಸರಿಲ್ಲ, ಕಲ್ಲಿಲ್ಲ, ಉದ್ದಕ್ಕೂ ಒಂದೇ ದಿಬ್ಬ. ಇದರ ಮೇಲೆ ಕಾಲಿಡಬೇಡಮ್ಮ, ಸುತ್ತು ಹಾಕಿ ಬಾ. ಇದನ್ನ ಜೆಸಿಬಿನೂ ಮುಟ್ಟಲ್ಲ."

ನಾನು ಮೊದಲ ಸಲ ನಡೆಯುತ್ತಿದ್ದೆ ಮಕ್ಕಳಾ, ಆ ಜಾಗದಲ್ಲಿ. ನನ್ನ ಗಂಡ ಮೂವತ್ತು ವರ್ಷದಿಂದ ಇರುವ ಊರು ಇದು, ಅವರ ಅಕ್ಕಪಕ್ಕದವರು ಇವರು ಅಂತ ಅನ್ನಿಸಿತು.

ಉತ್ತರದ ಮೂಲೆಯಲ್ಲಿ ನಮ್ಮವರ ಜಾಗ. ಅಲ್ಲಿಗೆ ಬಂದಾಗ ಓಬಳೇಶು ಟಾರ್ಚು ತಗ್ಗಿಸಿದ.

"ನಿಜ ಹೇಳ್ತೀನಣ್ಣ. ಈ ಸ್ಮಶಾನದಾಗೆ ಎಲ್ಲಾರೂ ಮಲಗವ್ರೆ. ನಿಮ್ಮೋರು ಮಾತ್ರ ಎದ್ದು ಕೂತವ್ರೆ. ಕತ್ತಲಾದ ಮೇಲೆ ಈ ಕಡೆ ಬರಾಕೆ ನಂಗೆ ನಾಚಿಕೆ. ಎಲ್ಲಾರೂ ನನ್ನೇ ನೋಡ್ತಿರ್ತಾರೆ ಅನ್ನಂಗೆ."

ಚಿಕ್ಕ ತಾತ ನಕ್ಕರು. ನನಗೆ ನಗು ಬರಲಿಲ್ಲ.

ಅಲ್ಲೊಂದು ಕಂಬದ ದೀಪ ಇತ್ತು. ಅದರ ಬೆಳಕಿನಲ್ಲಿ ಜಾಲಿಯೊಳಗೆ ನಾಲ್ಕು ಸಮಾಧಿ ಕಾಣಿಸಿದವು. ನಾಲ್ಕೂ ಒಂದೇ ಥರ. ಗುಣಿಯ ಅಂಚಿಗೆ ಸರಿಯಾಗಿ ಚಪ್ಪಡಿ ಕಲ್ಲು ಇಟ್ಟ ಚೌಕ, ನಡುವೆ ಕುಸಿದ ಮಣ್ಣು. ಹೆಸರಿಲ್ಲ. ನಮ್ಮಲ್ಲಿ ಹೆಸರು ಬರೆಸುವ ರೂಢಿ ಇರಲಿಲ್ಲ.

ಚಿಕ್ಕ ತಾತ ಆ ಕಡೆ ಈ ಕಡೆ ಓಡಾಡಿದರು. "ಈ ಸಾಲೇ ಅತ್ತಿಗಮ್ಮ. ಬೇವಿನ ಮರ ನೆಪ್ಪೈತೆ. ಯಾವ್ದು ಅಂತ... ಹತ್ತು ವರ್ಷದ ಹಿಂದೆ ಬಂದಾಗ ಇಷ್ಟು ಜಾಲಿ ಇರ್ಲಿಲ್ಲ."

ಅವರ ದನಿ ಒಡೆಯಿತು. ಓಬಳೇಶುವನ್ನು ಕೇಳಿದರು, "ನಾಲ್ಕಕ್ಕೂ ಸುಣ್ಣ ಬಳಿದ್ಬುಡಪ್ಪ."

"ಹೆಸರು ಬರೆದು ಸೈನ್ ಮಾಡ್ಬೇಕಲ್ಲಣ್ಣ. ನಾಲ್ಕರಾಗೂ ನಿಮ್ಮಣ್ಣನೇ ಕೂತವ್ರೆ ಅಂತ ಬರೀಲಾ? ಒಂದು ತೋರ್ಸಿ. ನಾನು ಸುಣ್ಣದ ಬಕೀಟು ತತ್ತೀನಿ." ಟಾರ್ಚು ಹಿಡಿದು ಗೇಟಿನ ಕಡೆ ಹೋದ.

ನಾವಿಬ್ಬರೇ. ದೂರದ ಟಿವಿ ಸದ್ದೂ ನಿಂತಿತ್ತು.

ಚಿಕ್ಕ ತಾತ ಇದ್ದಕ್ಕಿದ್ದಂತೆ ಹಣೆ ಬಡಿದುಕೊಂಡರು. "ನಾನೂ ಎಂಥ ದಡ್ಡ! ಅಳತೆ ಇಲ್ವಾ? ಒಂಬತ್ತು ಪಾದ. ಅಣ್ಣಂದೂ ನಂದೂ ಹೆಚ್ಚುಕಮ್ಮಿ ಒಂದೇ ಕಾಲು. ಯಾವ್ದು ಒಂಬತ್ತಕ್ಕೆ ಕೂತದೋ ಅದೇ ಅಣ್ಣಂದು."

ಅವರು ಚಪ್ಪಲಿಗಳನ್ನು ಬಿಟ್ಟು ಒಂದು ಪಕ್ಕಕ್ಕೆ ಇಟ್ಟರು.

ಅವರು ಹೇಳಿದ್ದು ನಿಜ. ಒಂಬತ್ತಕ್ಕೆ ಕೂರುವುದೇ ತಾತನದು. ಆದರೆ ಅದು ಕೂರುವುದು ತಾತನ ಪಾದಕ್ಕಲ್ಲ, ಇವರ ಪಾದಕ್ಕೆ. ನನ್ನ ತಪ್ಪಿನಿಂದಲೇ ಇವತ್ತು ಸಮಾಧಿ ಸಿಗಬೇಕಿತ್ತು. ತಡೆದರೆ ನಾಳೆ ಬೆಳಿಗ್ಗೆ ಅದು ಇರುವುದಿಲ್ಲ. ತಡೆಯದಿದ್ದರೆ, ಮಣ್ಣು ಮರೆತಿದ್ದರೂ ನೆನಪು ಮಾಡಿಕೊಡುವಂತೆ, ಬದುಕಿರುವ ಮನುಷ್ಯ ತನ್ನ ಅಳತೆಯ ಗುಣಿಯ ಮೇಲೆ ತಾನೇ ಹೆಜ್ಜೆ ಇಡುತ್ತಾನೆ.

ಒಂದನೆಯದು. "ಎಂಟೂವರೆ. ಅಲ್ಲ." ಎರಡನೆಯದು. "ಹತ್ತು ದಾಟ್ತದೆ. ಯಾರೋ ಎತ್ತರದ ಆಸಾಮಿ." ಮೂರನೆಯದು. "ಎಂಟಕ್ಕೂ ಕಮ್ಮಿ."

ನಾಲ್ಕನೆಯದರ ಮೂಲೆಯಲ್ಲಿ ಹಿಮ್ಮಡಿ ಊರಿದರು.

"ಸಾಕು ಬಿಡಪ್ಪ," ಅಂದೆ. "ಬೇಡ... ಬಂದ್ಬುಡು."

"ಇನ್ನೊಂದೇ ಕಣ್ರಿ ಅತ್ತಿಗಮ್ಮ. ಒಂದು... ಎರಡು... ಮೂರು..."

ಹೇಳಬೇಕು ಅಂತ ಬಾಯಿ ತೆರೆದೆ. ಮಾತಿನ ಬದಲು ಗಾಳಿ ಬಂತು. ಐದು... ಆರು... ಏಳು ಅನ್ನುವಾಗ ಕಂಬದ ದೀಪ ಹೋಯಿತು. ಊರಿನ ಕಡೆಯೂ ಕತ್ತಲು. ಕರೆಂಟು ತೆಗೆದಿದ್ದರು.

ಕತ್ತಲಲ್ಲಿ ಅವರ ದನಿ. "ಎಂಟು... ಒಂಬತ್ತು! ಕಡ್ಡಿ ಇಟ್ಟಂಗೆ ಕೂತ್ಕಂತು ಅತ್ತಿಗಮ್ಮ! ಇದೇ ನಮ್ಮಣ್ಣಂದು."

ಕೈಯಲ್ಲಿ ತಡವಿಕೊಂಡು ಬಂದು ನನ್ನ ಪಕ್ಕ ನಿಂತರು. ಅವರು ಅಳುತ್ತಿದ್ದರು ಅಂತ ಉಸಿರಿನಲ್ಲಿ ಗೊತ್ತಾಯಿತು. ಅವರ ಫೋನು ಬಸ್ಸಿನಲ್ಲೇ ಸತ್ತಿತ್ತು. ಓಬಳೇಶು ಬರಲಿ ಅಂತ ನಿಂತೆವು.

ಆಗ ಕೇಳಿಸಿತು.

ಸರ್... ಸರ್... ಒಣಗಿದ ಬೇವಿನ ಎಲೆಯ ಮೇಲೆ ಬರಿಗಾಲು. ಒಂದು ಪಾದ ಇಟ್ಟು, ಅದರ ತುದಿಗೆ ಇನ್ನೊಂದನ್ನು ತಾಗಿಸಿ. ಅವಸರವಿಲ್ಲ. ಚಿಕ್ಕ ತಾತ ನಿಲ್ಲಿಸಿದ ಮೂಲೆಯಿಂದಲೇ ಶುರುವಾಗಿ, ಸಮಾಧಿಯ ಎರಡನೇ ಅಂಚಿನ ಉದ್ದಕ್ಕೂ.

ನಾನು ಎಣಿಸಿದೆ. ಎಣಿಸಬಾರದು ಅಂದರೂ ಮನಸ್ಸು ಎಣಿಸಿತು. ಒಂಬತ್ತಕ್ಕೆ ನಿಂತು, ತಿರುಗಿತು.

"ಹೆಗ್ಗಣ ಇರ್ಬೇಕು," ಅಂದರು ಚಿಕ್ಕ ತಾತ, ಮೆಲ್ಲಗೆ. ಆಮೇಲೆ, "ಓಬಳೇಶೂ?" ಅಂದರು.

ಮೂರನೇ ಅಂಚು. ಒಂಬತ್ತು. ನಾಲ್ಕನೇ ಅಂಚು. ಅದು ನಮ್ಮ ಕಡೆಯದು. ಏಳು... ಎಂಟು... ಒಂಬತ್ತು.

ನಿಂತಿತು. ಚಪ್ಪಲಿ ಬಿಟ್ಟಿದ್ದ ಕಡೆ.

ಆವಾಗ ಆ ವಾಸನೆ ಬಂತು ಮಕ್ಕಳಾ. ಹಳೆ ಹುಣಸೆಹಣ್ಣು. ಅಂಗಡಿಯ ಚಾಪೆಯಲ್ಲಿ ವರ್ಷಗಟ್ಟಲೆ ಕೂತ, ಕಪ್ಪಗಾದ ಹುಣಸೆಹಣ್ಣಿನದು, ಬೆವರಿನ ಜೊತೆ. ಮೂವತ್ತು ವರ್ಷದ ಹಿಂದೆ ನನ್ನ ತಲೆದಿಂಬಿನ ವಾಸನೆ.

ಟಪ್, ಟಪ್.

ಚಪ್ಪಲಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿದ ಸದ್ದು. ಒಂದೇ ಚಪ್ಪಲಿ.

ಭಯವಾಯಿತಾ ಅಂತ ಕೇಳಿದರೆ... ಮೊದಲು ಭಯವಾಗಲಿಲ್ಲ. ಒಲೆಯ ಮುಂದಿನಿಂದ ಏಳಬೇಕು ಅನ್ನಿಸಿತು. ಕೂಗಬೇಕು, ಅದು ನಿಮ್ಮದಲ್ಲ, ನಿಮ್ಮ ತಮ್ಮಂದು, ಬಿಡಿ, ನನ್ನಿಂದ ತಪ್ಪಾಯಿತು ಅಂತ ಹೇಳಬೇಕು ಅನ್ನಿಸಿತು. ಆದರೆ ಏನಂತ ಕೂಗಲಿ? ಗಂಡನ ಹೆಸರು ನಾನು ಜನ್ಮದಲ್ಲಿ ಒಮ್ಮೆಯೂ ಬಾಯಲ್ಲಿ ಆಡಿಲ್ಲ. ಬದುಕಿದ್ದಾಗ "ಇಲ್ನೋಡಿ" ಅಂದರೆ ಸಾಕಾಗುತ್ತಿತ್ತು. ಆ ಕತ್ತಲಲ್ಲಿ, ಅಷ್ಟು ಜನ ಎದ್ದು ಕೂತಿರುವ ಕಡೆ, "ಇಲ್ನೋಡಿ" ಅಂದರೆ ಯಾರು ನೋಡುತ್ತಾರೆ?

ಹೆಸರು ಹಿಡಿದು ಕರೆದಿದ್ದರೆ ನಿಲ್ಲುತ್ತಿದ್ದರೋ ಏನೋ. ನಾಲಿಗೆ ಏಳಲಿಲ್ಲ. ವಾಸನೆ ಮೆಲ್ಲಗೆ ಕಡಿಮೆಯಾಯಿತು.

ಓಬಳೇಶು ಟಾರ್ಚು, ಬಕೀಟು ಹಿಡಿದು ಬಂದ. ಕರೆಂಟಿನವರನ್ನು ತೆಲುಗಿನಲ್ಲಿ ಬೈಯುತ್ತಿದ್ದ.

"ಒಂದು ನಿಮಿಷ ಈ ಕಡೆ ಬೆಳಕು ಬಿಡಪ್ಪ. ನಂದು ಒಂದು ಮೆಟ್ಟು ಕಾಣ್ತಿಲ್ಲ," ಅಂದರು ಚಿಕ್ಕ ತಾತ. ಹುಡುಕಿದರು. ಜಾಲಿ ಎತ್ತಿ ನೋಡಿದರು. ಒಂದೇ ಇತ್ತು, ಎಡಗಾಲಿನದು. "ನಾಯಿ ಎಳ್ಕಂಡು ಹೋಗಿರ್ಬೇಕು."

ಮೂವತ್ತು ವರ್ಷದ ಹಿಂದೆ ಬಾಗಿಲಲ್ಲಿ ಅಂದದ್ದೂ ಅದೇ ಮಾತು. ಅವರಿಗೆ ಅದರ ನೆನಪೇ ಇರಲಿಲ್ಲ.

"ಕಾಂಪೌಂಡ್ ಎತ್ತರ ಮಾಡಿದ ಮೇಲೆ ನಾಯಿ ಬರಲ್ವಲ್ಲಣ್ಣ ಇಲ್ಲಿಗೆ," ಅಂದ ಓಬಳೇಶು. ಸುಣ್ಣ ಮಾತ್ರ ಬೇಗ ಬೇಗ ಬಳಿದ.

ನಾನು ಒಂದೇ ಒಂದು ಕೇಳಿದೆ. "ಇಲ್ಲೆಲ್ಲಾದ್ರೂ ಹುಣಸೆ ಮರ ಐತಾ ಅಪ್ಪ?"

"ಇಲ್ಲಮ್ಮ. ಬೇವು, ಜಾಲಿ ಅಷ್ಟೇ. ಯಾಕೆ?"

ಹೊರಡುವ ಮೊದಲು ಬಗ್ಗಿ ಆ ಕಲ್ಲನ್ನು ಮುಟ್ಟಿದೆ. ಬೆಚ್ಚಗಿತ್ತು. ಹಗಲಿನ ಬಿಸಿಲು ಹಿಡಿದಿರಬಹುದು. ಸುತ್ತಲಿನ ನೆಲದಲ್ಲಿ ಹೆಜ್ಜೆ ಗುರುತು ಇತ್ತಾ ಅಂತ ನಾನು ನೋಡಲಿಲ್ಲ. ಟಾರ್ಚು ಇತ್ತು, ನೋಡಬಹುದಿತ್ತು. ನೋಡಲಿಲ್ಲ.

ಚಿಕ್ಕ ತಾತ ಒಂದು ಕಾಲಿನಲ್ಲಿ ಚಪ್ಪಲಿ, ಒಂದು ಬರಿಗಾಲು, ಹಾಗೇ ಗೇಟಿನವರೆಗೆ ನಡೆದರು. ಪ್ಲೇಗಿನ ಸಾಲಿನ ಹತ್ತಿರ ಓಬಳೇಶು ಹಿಂದೆ ಉಳಿದು ನನ್ನ ಹತ್ತಿರ ಪಿಸುಗುಟ್ಟಿದ. "ಅಮ್ಮಾ, ಮನೆಗೋದ ಮೇಲೆ ಆ ಒಂದನ್ನೂ ಇಟ್ಕೋಬೇಡಿ. ಎಲ್ಲಾದ್ರೂ ಬಿಸಾಕಿ." ಯಾಕೆ ಅಂತ ಕೇಳುವ ಮೊದಲೇ ಮುಂದೆ ಹೋಗಿಬಿಟ್ಟ.

ತಾತನ ಸಮಾಧಿ ಉಳಿಯಿತು. ಮಾರನೆ ದಿನ ಮಧ್ಯಾಹ್ನ ಓಬಳೇಶು ಚಿಕ್ಕ ತಾತನ ಫೋನಿಗೆ ಫೋಟೋ ಕಳಿಸಿದ. ಸುತ್ತಲೂ ಸಮ ಮಾಡಿದ ಕೆಂಪು ಮಣ್ಣು, ನಡುವೆ ನಮ್ಮದೊಂದು ಬಿಳಿ ಚೌಕ. ಇನ್ನೊಂದು ಫೋಟೋವೂ ಇತ್ತು, ಒಂದು ಹಳೆ ಚಪ್ಪಲಿಯದು. ಪಕ್ಕದ ಜಾಲಿಯ ಬುಡ ಕಿತ್ತಾಗ ಮಣ್ಣಿನಲ್ಲಿ ಸಿಕ್ಕಿದ್ದಂತೆ, ನಿಮ್ಮದಾ ನೋಡಿ ಅಂತ. ಚಿಕ್ಕ ತಾತ ಕನ್ನಡಕ ಏರಿಸಿ ನೋಡಿ ನಕ್ಕರು.

"ಇದ್ಯಾವ ಕಾಲದ್ದು ಅತ್ತಿಗಮ್ಮ! ಟೈರಿಂದು. ನಾವು ಹುಡುಗರಾಗಿದ್ದಾಗ ಹಾಕ್ತಿದ್ವಲ್ಲ, ಅಂಥದ್ದು."

ಆ ರಾತ್ರಿ ಕಳೆದದ್ದಲ್ಲ ಅದು. ಆ ಹೊಸದು ಇವತ್ತಿನವರೆಗೂ ಸಿಕ್ಕಿಲ್ಲ. ಸುರುಟಿ ಹೋಗಿದ್ದರೂ ಅಟ್ಟೆಯ ಉದ್ದ ನೋಡಿ ನನಗೆ ಗೊತ್ತಾಯಿತು, ಅದು ಯಾವಾಗ ಯಾರ ಬಾಗಿಲಿನಿಂದ ಹೋದದ್ದು ಅಂತ.

ಆಗಲೂ ಹೇಳಲಿಲ್ಲ.

ಆಮೇಲೆ ಒಂದೊಂದೇ. ಆ ಬೇಸಿಗೆಯಲ್ಲಿ ಚಿಕ್ಕ ತಾತನ ಚಪ್ಪಲಿ ಸಡಿಲವಾಯಿತು. ಹೊಸದು ತಂದರು, ಒಂದು ನಂಬರು ಕಡಿಮೆ. ದೀಪಾವಳಿ ಹೊತ್ತಿಗೆ ಅದೂ ಜಾರತೊಡಗಿತು. ಡಾಕ್ಟರು ಸಕ್ಕರೆ ಕಾಯಿಲೆ ಅಂದರು, ಮಾತ್ರೆ ಕೊಟ್ಟರು. ಮೈ ಇಳಿದರೆ ಕಾಲೂ ಇಳಿಯುತ್ತದೆ, ವಯಸ್ಸಾಯಿತಲ್ಲ ಅಂತ ಅವರೇ ತಮಾಷೆ ಮಾಡುತ್ತಾರೆ. ಇರಬಹುದು. ಸಕ್ಕರೆ ಕಾಯಿಲೆಯವರನ್ನು ನಾನೂ ಬೇಕಾದಷ್ಟು ನೋಡಿದ್ದೇನೆ. ಪಾದ ತೆಳ್ಳಗಾಗುತ್ತದೆ. ಗಿಡ್ಡವಾಗುತ್ತದಾ? ಆ ರಾತ್ರಿ ತಾತನ ಗಿಡ್ಡ ಪಾದವೂ ಇವರ ಅಳತೆಯ ಅಂಚಿಗೆ ಒಂಬತ್ತೇ ಎಣಿಸಿತ್ತು.

ಹೋದ ತಿಂಗಳು ನಾನು ಹಿತ್ತಲಿನಿಂದ ಬಂದಾಗ ಟ್ರಂಕು ತೆರೆದಿತ್ತು. ಹಳೆ ಪೇಪರು ನೆಲದ ಮೇಲೆ. ಚಿಕ್ಕ ತಾತ ಬಾಗಿಲಲ್ಲಿ ನಿಂತು ಕೆಳಗೆ ನೋಡುತ್ತಿದ್ದರು.

"ಅಣ್ಣನ ಮೆಟ್ಟು ಇನ್ನೂ ಮಡಗಿದ್ದೀರಲ್ಲ ಅತ್ತಿಗಮ್ಮ! ನೋಡಿ, ನಂಗೀಗ ಸರಿಯಾಗಿ ಕೂತದೆ. ನನಗೋಸ್ಕರ ಮಾಡ್ಸಿದಂಗೆ."

"ಬಿಚ್ಚಿಡಪ್ಪ," ಅಂದೆ. "ಹಳೇದು. ಕಾಲಿಗೆ ಚುಚ್ತದೆ."

"ಏನೂ ಆಗಾಕಿಲ್ಲ ಬಿಡಿ. ಇದ್ರಾಗೆ ಕಾಲು ಹಗುರ ಅನ್ನುಸ್ತದೆ."

ಈಗ ದಿನಾ ಅದನ್ನೇ ಮೆಟ್ಟುತ್ತಾರೆ. ಅವರ ಹೆಂಡತಿ, ನಿಮ್ಮ ಚಿಕ್ಕಜ್ಜಿ, ಬದುಕಿದ್ದಿದ್ದರೆ ಅವಳಿಗಾದರೂ ಹೇಳುತ್ತಿದ್ದೆನೇನೋ. ಈಗ ಯಾರಿಗೆ ಹೇಳಲಿ? ಇವರಿಗೇ ಹೇಳಿದರೆ ಆ ಭಯದಲ್ಲೇ ಏನಾದರೂ ಆಗಿಬಿಟ್ಟರೆ? ನನ್ನನ್ನೂ ನನ್ನ ಮಗನನ್ನೂ ಕಾಪಾಡಿದ ಮನುಷ್ಯ.

ನೀವು ಇದನ್ನು ಅವರಿಗೆ ಓದಿ ಹೇಳಬೇಡಿ. ಇಲ್ಲ, ಹೇಳಿ... ನನಗೆ ತಿಳಿಯುತ್ತಿಲ್ಲ ಮಕ್ಕಳಾ. ನೀವು ಶಾಲೆ ಕಲಿಯುವವರು, ನೀವೇ ಯೋಚನೆ ಮಾಡಿ. ಒಂದು ಮಾತು ಮಾತ್ರ ನೆನಪಿಡಿ. ಯಾವತ್ತಾದರೂ ಈ ಮನೆಯ ಬಾಗಿಲಿಗೆ ಬಂದು ಯಾರಾದರೂ ಅಳತೆ ಕೇಳಿದರೆ, ನಾಚಿಕೆ ಪಡಬೇಡಿ, ತಲೆ ಎತ್ತಿ, ಎರಡು ಸಲ ನೋಡಿ ಕೊಡಿ.

ಇದನ್ನು ಬರೆಯುವಾಗ ಸಂಜೆಯಾಗಿದೆ. ಚಿಕ್ಕ ತಾತ ಬಾಗಿಲಲ್ಲಿ ಅಂಗಡಿಗೆ ಹೊರಡುತ್ತಿದ್ದಾರೆ. ಟಪ್, ಟಪ್. ಅವರಿಗೆ ಯಾವತ್ತೂ ಚೇಳು ಕಡಿದಿಲ್ಲ.

ಈಗ ಅಂಗಳ ದಾಟುತ್ತಿದ್ದಾರೆ. ಮೊದಲು ದೊಡ್ಡ ಹೆಜ್ಜೆ ಹಾಕುತ್ತಿದ್ದವರು, ಈಗೀಗ ಚಿಕ್ಕ ಚಿಕ್ಕ ಹೆಜ್ಜೆ. ಒಂದರ ತುದಿಗೆ ಒಂದು. ನಾನು ಒಳಗೆ ಕೂತು ಎಣಿಸುತ್ತೇನೆ. ದಿನಾ ಎಂಟರವರೆಗೆ ಎಣಿಸಿ, ಕಿವಿ ಮುಚ್ಚಿಕೊಳ್ಳುತ್ತೇನೆ.